ಮೂರನೆಯ ಬೆಂಚು

ಮಾರ್ಲ್ ಕ್ರೀಕ್, ಒಹಾಯೊ
ಭಾನುವಾರ, 6 ಫೆಬ್ರವರಿ 2022

ವೆಂಡೆಲ್,

ಅಮ್ಮ ಹಾಕಿಕೊಟ್ಟ ನಿಯಮ ತಪ್ಪಿಸಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಕಾಗದ. ಬೀನ್ಸ್ ಒಲೆಯ ಮೇಲಿದೆ. ಅದು ಬೇಯುವಷ್ಟರಲ್ಲಿ ಇದು ಮುಗಿಯಬೇಕು.

ಹಗಲು ಬಿಸಿಲು, ಬೆಳಗಿನ ಜಾವ ಹೆಪ್ಪುಗಟ್ಟುವ ಚಳಿ. ಮೇಪಲ್ ಮರಗಳು ರಸ ಬಿಡಲು ಶುರುಮಾಡಿವೆ. ಪಕ್ಕದ ಮನೆಯ ಲೈಲ್ ಪಾಕ ಕಾಯಿಸುವುದಕ್ಕೆಂದು ಮರಗಳಿಗೆ ನಲವತ್ತು ಬಕೆಟು ನೇತುಹಾಕಿದ್ದ. ಕರುವಿನಷ್ಟು ದೊಡ್ಡದಾದ ಅವನ ನಾಯಿ ಮೊನ್ನೆ ಅದರಲ್ಲಿ ಆರು ಬಕೆಟು ಖಾಲಿ ಮಾಡಿ ಅಂಗಳದಲ್ಲಿ ಕುಡುಕನ ಹಾಗೆ ಬಿದ್ದುಕೊಂಡಿತ್ತು. "ಏಳೋ ಕಳ್ಳ, ನಿನ್ ಮೇಲೆ ಕೇಸ್ ಹಾಕ್ತೀನಿ" ಅಂತ ಲೈಲ್ ಬೈಯುತ್ತಿದ್ದರೆ ಅದು ಬಾಲ ಅಲ್ಲಾಡಿಸುವುದಕ್ಕೂ ಆಗದೆ ಕಣ್ಣು ಮಾತ್ರ ತೆರೆಯಿತು. ಇದನ್ನು ನೀನು ಸೋಮವಾರ ರೇಡಿಯೊದಲ್ಲಿ 'ಅಕ್ಕನ ಓಲೆ' ಅಂತ ಓದುತ್ತೀಯ, ಗೊತ್ತು. ಓದು. ಹನ್ನೊಂದು ವರ್ಷದಿಂದ ನನ್ನ ಅಡುಗೆಮನೆಯ ಸಂಗತಿಯನ್ನೆಲ್ಲ ಊರಿಗೆ ಹಂಚುತ್ತಿದ್ದೀಯ, ಈಗ ಬೇಡ ಅಂದರೆ ಕೇಳುತ್ತೀಯಾ?

ಇಲ್ಲಿ ಒಂದು ಸಾವಾಗಿದೆ. ಎಂಟು ದಿನದ ಹಿಂದೆ, ಶನಿವಾರ, ಸ್ಟಿಲ್‌ವೆಲ್ ಕಣಿವೆಯಲ್ಲಿ, ಹಳೆಯ ಗರಗಸದ ಕಾರ್ಖಾನೆಯಾಚೆ, ಜೆಸ್ಸಿ ಬೀಮ್ ಬೈಕಿನಲ್ಲಿ ಹೋಗುತ್ತ ಸೇತುವೆಗೆ ಬಡಿದು ಸತ್ತ. ಇಪ್ಪತ್ತು ವರ್ಷ. ಪೊಲೀಸರು ಬೆನ್ನಟ್ಟಿದ್ದರು. ಪೊಲೀಸರೆಂದರೆ ನಮ್ಮ ನಾರ್ಮಾಳ ಮಗ ಡ್ಯಾರಿನ್. ಇವತ್ತು ನಾರ್ಮಾ ಎಂದಿನಂತೆ ಮೂರನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳ ಕಣ್ಣು ಈಗ ಪೂರಾ ಮಂಜು. ಕೀರ್ತನೆಯ ಸಂಖ್ಯೆಯನ್ನು ನಾನೇ ಕಿವಿಯಲ್ಲಿ ಹೇಳಬೇಕು. ಹೇಳಿದರೆ ಸಾಕು, ಉಳಿದದ್ದೆಲ್ಲ ಬಾಯಿಪಾಠ. ಇವತ್ತು ಸಂಖ್ಯೆ ಹೇಳಿದರೂ ಹಾಡಲಿಲ್ಲ.

ಶುಕ್ರವಾರ ಮೊಟ್ಟೆಯ ನೆಪದಲ್ಲಿ ಜೆಸ್ಸಿಯ ಅಜ್ಜಿ ಓಪಲ್‌ಳ ಮನೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಕಾರಿನಲ್ಲಿ ನಿನ್ನ ಕಾರ್ಯಕ್ರಮ. ಯಾವುದೋ ನ್ಯಾಯಾಧೀಶರನ್ನು ಬೈಯುತ್ತಿದ್ದೆ. ಕಾರ್ಖಾನೆಯ ತಿರುವಿನಲ್ಲಿ ಕಣಿವೆಗೆ ಇಳಿದ ಕೂಡಲೇ ನಿನ್ನ ದನಿ ಕತ್ತರಿಸಿದಂತೆ ನಿಂತಿತು. ನಿಜ ಹೇಳಲೇ? ಸುಖವಾಗಿತ್ತು. ಅಂಚೆಯ ಡಾಟಿಗೆ ಇದನ್ನು ಹೇಳಿದರೆ ನಕ್ಕಳು. "ಅಯ್ಯೋ ಅರ್ಲೀನ್, ಆ ಕಣಿವೇಲಿ ದೇವ್ರು ಕೂಗಿದ್ರೂ ಕೇಳ್ಸಲ್ಲ. ಆಂಬುಲೆನ್ಸಿನೋರೂ ಮಾತಾಡ್ಬೇಕಂದ್ರೆ ದಿಬ್ಬ ಹತ್ತಿ ಬರ್ತಾರೆ."

ಬೀನ್ಸ್ ಉಕ್ಕುತ್ತಿದೆ.

ಅಕ್ಕ ಅರ್ಲೀನ್


ಕೊಲಂಬಸ್
ಗುರುವಾರ, 10 ಫೆಬ್ರವರಿ

ಅಕ್ಕಾ,

ನಾಯಿ ಸೋಮವಾರಕ್ಕೆ ಖಾಯಂ. ಕಣಿವೆಯ ಮಾತು ಮಾತ್ರ ಬಿಟ್ಟುಬಿಡುತ್ತೇನೆ. 'ಒಹಾಯೊದ ಮೂಲೆಮೂಲೆಗೂ ಕೇಳಿಸುವ ದನಿ' ಎಂದು ದಿನಕ್ಕೆ ಎಂಟು ಸಲ ಹೇಳಿಸುವ ನಮ್ಮ ಮ್ಯಾನೇಜರಿಗೆ ಎದೆನೋವು ಬಂದೀತು. ಡಾಟಿಗೆ ಹೇಳು, ನಮ್ಮ ಗೋಪುರ ಅವಳ ದಿಬ್ಬಕ್ಕಿಂತ ಎತ್ತರವಿದೆ.

ಡ್ಯಾರಿನ್ ವಿಷಯ ಪತ್ರಿಕೆಯಲ್ಲಿ ಓದಿದೆ. 'ಬೆನ್ನಟ್ಟುವುದು ಬಿಡು' ಎಂದು ಷೆರಿಫನ ಕಚೇರಿಯಿಂದ ವೈರ್‌ಲೆಸ್‌ನಲ್ಲಿ ಮೂರು ಸಲ ಹೇಳಿದರಂತೆ. ಅವನು ಬಿಡಲಿಲ್ಲವಂತೆ. ತನಗೆ ಏನೂ ಕೇಳಿಸಲಿಲ್ಲ ಅನ್ನುತ್ತಾನೆ. ಕೇಳಿಸಿತೋ ಇಲ್ಲವೋ, ನನಗೆ ಅದು ಮುಖ್ಯವೇ ಅಲ್ಲ. ಓಡುವವನನ್ನು ಹಿಡಿಯುವುದು ಪೊಲೀಸನ ಕೆಲಸ. ಅರೆಕ್ಷಣದಲ್ಲಿ ಅವನು ಮಾಡಿದ್ದನ್ನು ಆರು ವಾರ ಕಾಫಿ ಕುಡಿಯುತ್ತ ಕೂತವರು ಅಳೆಯಬಾರದು. ಪೊಲೀಸರ ಕೈ ಕಟ್ಟಿದ ಊರುಗಳಲ್ಲಿ ಏನಾಗಿದೆ ಅಂತ ನಾನು ದಿನಾ ಹೇಳುತ್ತಿದ್ದೇನೆ. ಅಲ್ಲಿ ಮೊದಲು ಬಾಗಿಲು ಹಾಕಿದ್ದು ಶ್ರೀಮಂತರಲ್ಲ, ಮೂಲೆಯ ಅಂಗಡಿಯವರು.

ಇನ್ನು ನಿಮ್ಮ ಸರ್ಕಾರಿ ವಕೀಲೆ ಕ್ಲಾರಿಸ್ ವೈಮರ್. ನವೆಂಬರಿನಲ್ಲಿ ನ್ಯಾಯಾಧೀಶೆ ಸ್ಥಾನಕ್ಕೆ ನಿಲ್ಲುತ್ತಾಳೆ. ಚುನಾವಣೆ ಹತ್ತಿರ ಬಂದರೆ ಈ ವಕೀಲರಿಗೆ ನ್ಯಾಯದ ಹಸಿವು ಹೆಚ್ಚಾಗುತ್ತದೆ. ಇದನ್ನು ಗ್ರ್ಯಾಂಡ್ ಜ್ಯೂರಿಗೆ ಒಯ್ದೇ ಒಯ್ಯುತ್ತಾಳೆ, ನೋಡುತ್ತಿರು. ಊರಿನ ಒಂಬತ್ತು ಜನರನ್ನು ಬಾಗಿಲು ಮುಚ್ಚಿ ಕೂರಿಸಿ, ತನಗೆ ಬೇಕಾದ್ದಷ್ಟನ್ನೇ ತೋರಿಸಿ, ಏಳು ಕೈ ಎತ್ತಿಸಿದರೆ ಮುಗಿಯಿತು. ಡ್ಯಾರಿನ್ ಆರೋಪಿ.

ಅವನಿಗೆ ಚೆಂಡು ಹಿಡಿಯುವುದನ್ನು ಕಲಿಸಿದವನು ನಾನು. ಎಂಟು ವರ್ಷದವನಿದ್ದಾಗ ಹಲ್ಲು ಮುರಿದುಕೊಂಡರೂ ಚೆಂಡು ಬಿಟ್ಟಿರಲಿಲ್ಲ. ಊರಲ್ಲಿ ಜನ ಏನು ಅನ್ನುತ್ತಾರೆ, ಬರಿ.

ವೆಂಡೆಲ್


ಮಾರ್ಲ್ ಕ್ರೀಕ್
ಭಾನುವಾರ, 27 ಫೆಬ್ರವರಿ

ವೆಂಡೆಲ್,

ಹೋದ ಭಾನುವಾರ ಬರೆಯಲಿಲ್ಲ. ನಲವತ್ತು ವರ್ಷದಲ್ಲಿ ಇದು ಎರಡನೆಯ ಸಲ. ಮೊದಲನೆಯದು ಅಮ್ಮ ಹೋದ ವಾರ.

ಜನ ಏನು ಅನ್ನುತ್ತಾರೆ ಎಂದು ಇನ್ನು ಮುಂದೆ ನನ್ನನ್ನು ಕೇಳಬೇಡ. ನೀನೂ ಬರೆಯಬೇಡ. ಆ ವಿಷಯ ನಮ್ಮಿಬ್ಬರ ನಡುವೆ ಇಲ್ಲ ಎಂದು ತಿಳಿ. ಜೂನ್‌ವರೆಗೆ ಬುಧವಾರ ನಾನು ಮನೆಯಲ್ಲಿರುವುದಿಲ್ಲ. ಅವತ್ತು ಫೋನು ಮಾಡಬೇಡ.

ಲೈಲ್‌ನ ನಾಯಿ ಈಗ ರೇಡಿಯೊ ತಾರೆ. ಗೊಬ್ಬರದ ಅಂಗಡಿಯಲ್ಲಿ ಜನ ಅದರ ಕೈ ಕುಲುಕುತ್ತಾರೆ. ಹಿಮ ಕರಗಿ ತೋಟದ ಬೇಲಿ ವಾಲಿದೆ. ಇಷ್ಟೇ ಸುದ್ದಿ.

ಅಕ್ಕ


ಕೊಲಂಬಸ್
ಗುರುವಾರ, 3 ಮಾರ್ಚ್

ಅಕ್ಕಾ,

ಬುಧವಾರ ಏನು, ಹೊಲಿಗೆ ಸಂಘಕ್ಕೆ ಸೇರಿದೆಯಾ? ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಕೈಗೆ ಸೂಜಿ ಹಿಡಿಯುವುದು ಬರುತ್ತದೆಯೇ? ನಾನು ಕೇಳುವುದಿಲ್ಲ, ಬಿಡು.

ನೀನು ಹೇಳಿದಂತೆ ಆ ವಿಷಯ ಎತ್ತುವುದಿಲ್ಲ. ಆದರೆ ನನ್ನ ವಾರದ ಅಂಕಣಕ್ಕೆಂದು ಒಂದಷ್ಟು ಬರೆದುಕೊಂಡಿದ್ದೆ, ಒಟ್ಟಾರೆ ಪೊಲೀಸರ ಬಗ್ಗೆ. ಇನ್ನೊಂದು ಹಾಳೆಯಲ್ಲಿ ಇಟ್ಟಿದ್ದೇನೆ. ಓದಿ ಹೇಗಿದೆ ಹೇಳು. ನಿನ್ನಷ್ಟು ಒಳ್ಳೆಯ ಓದುಗರು ನನಗಿಲ್ಲ.

ವೆಂಡೆಲ್


ಮಾರ್ಲ್ ಕ್ರೀಕ್
ಭಾನುವಾರ, 13 ಮಾರ್ಚ್

ವೆಂಡೆಲ್,

ಮೊದಲ ಹಾಳೆ ಓದಿದೆ. ಎರಡನೆಯದರ ಮೊದಲ ಸಾಲು ಓದಿ, ಅದು ಎಲ್ಲಿಗೆ ಹೊರಟಿದೆ ಎಂದು ಗೊತ್ತಾದ ಕೂಡಲೇ ಒಲೆಗೆ ಹಾಕಿದೆ. ಹೇಗಿದೆ ಎಂದು ಕೇಳಿದ್ದೀಯ. ಚೆನ್ನಾಗಿ ಉರಿಯಿತು.

ಇನ್ನೊಮ್ಮೆ ಹಾಗೆ ಮಾಡಿದರೆ ನಿನ್ನ ಕಾಗದ ತೆರೆಯದೆ ವಾಪಸು ಕಳಿಸುತ್ತೇನೆ. ನಾನು ಹಾಗೆ ಮಾಡುವವಳೇ ಎಂದು ನಿನಗೆ ಗೊತ್ತು.

ಬಾವಿಯ ಹತ್ತಿರ ಹಳದಿ ಹೂ ಬಿಟ್ಟಿದೆ. ಓಪಲ್‌ಳ ಮೊಟ್ಟೆ ನಿಲ್ಲಿಸಿದ್ದೇನೆ. ಅಂಗಡಿಯಿಂದ ತರುತ್ತೇನೆ, ಒಡೆದರೆ ನೀರಿನ ಹಾಗಿರುತ್ತದೆ. ಚರ್ಚಿನಲ್ಲಿ ಕೆಲವು ವಾರದಿಂದ ಮೂರನೆಯ ಬೆಂಚಿನಲ್ಲಿ ಕೂರುವುದಿಲ್ಲ, ಕಟ್ಟಕಡೆಯ ಬೆಂಚಿಗೆ ಹೋಗಿದ್ದೇನೆ. ಇವತ್ತು ನಾರ್ಮಾ ಎರಡು ಸಲ ತಿರುಗಿ ನೋಡಿದಳು. ಅವಳಿಗೆ ಕಾಣಿಸುವುದಿಲ್ಲ, ಆದರೂ ತಿರುಗಿದಳು. ಕೀರ್ತನೆಯ ಸಂಖ್ಯೆ ಹೇಳುವವರು ಅವಳ ಪಕ್ಕ ಯಾರೂ ಇರಲಿಲ್ಲ. ಎಲ್ಲರೂ ಎದ್ದು ಹಾಡುವಾಗ ಅವಳು ಕೂತೇ ಇದ್ದಳು.

ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ?

ಅಕ್ಕ


ಕೊಲಂಬಸ್
ಸೋಮವಾರ, 21 ಮಾರ್ಚ್

ಅಕ್ಕಾ,

ಇವತ್ತಿನ 'ಅಕ್ಕನ ಓಲೆ'ಗೆ ಬಂದಷ್ಟು ಕರೆ ಹನ್ನೊಂದು ವರ್ಷದಲ್ಲಿ ಬಂದಿರಲಿಲ್ಲ. ಬೆಂಚಿನ ಭಾಗವಷ್ಟೇ ಓದಿದೆ. ನಾರ್ಮಾಳ ಹೆಸರು ಹೇಳಲಿಲ್ಲ, 'ನನ್ನ ಅಕ್ಕನ ಹಳೆಯ ಗೆಳತಿ' ಅಂದೆ. ಒಬ್ಬ ಲಾರಿ ಚಾಲಕ ರಸ್ತೆ ಬದಿಗೆ ನಿಲ್ಲಿಸಿ ಕರೆ ಮಾಡಿದ. "ಸ್ವಾಮಿ, ನಮ್ಮಮ್ಮನೂ ಹೀಗೇ ಒಬ್ಬಳೇ ಕೂತಿದ್ಲು" ಅಂತ ಅತ್ತೇಬಿಟ್ಟ. ನಿನ್ನ ಬರಹದಲ್ಲಿ ಏನೋ ಇದೆ ಅಕ್ಕಾ.

ಆ ಎರಡನೆಯ ಹಾಳೆಗೆ ಕ್ಷಮಿಸು.

ವೆಂಡೆಲ್


ಮಾರ್ಲ್ ಕ್ರೀಕ್
ಬುಧವಾರ, 23 ಮಾರ್ಚ್

ವೆಂಡೆಲ್,

ಇವತ್ತು ಬುಧವಾರ. ನಾನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನ್ಯಾಯಾಧೀಶ ಪೆಟಿಗ್ರೂ ನಮ್ಮ ಒಂಬತ್ತು ಜನರನ್ನೂ ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನಾಳೆ ಪತ್ರಿಕೆಯಲ್ಲಿ ನನ್ನ ಹೆಸರೇ ಬರುತ್ತದೆ. ನಾನು ಗ್ರ್ಯಾಂಡ್ ಜ್ಯೂರಿಯಲ್ಲಿದ್ದೆ.

ಫೆಬ್ರವರಿಯಲ್ಲಿ ಕರೆ ಬಂದಾಗ, ನನಗೆ ಎರಡೂ ಮನೆಯವರು ಗೊತ್ತು, ನನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡಿದ್ದೆ. "ಅರ್ಲೀನಮ್ಮ, ಅವ್ರು ಗೊತ್ತಿರೋರ್ನೆಲ್ಲ ಬಿಡ್ತಾ ಹೋದ್ರೆ ಈ ಜಿಲ್ಲೇಲಿ ನಂಗೆ ದನಗಳೇ ಉಳಿಯೋದು" ಅಂದರು ನ್ಯಾಯಾಧೀಶರು. ಎಲ್ಲರೂ ನಕ್ಕೆವು. ಆಮೇಲೆ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದೆವು. ಒಳಗಿನ ಮಾತು ಒಳಗೇ.

ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ನೀನು ಓದಿದೆ. ನಾರ್ಮಾಳ ಅಡುಗೆಮನೆಯಲ್ಲಿ ರೇಡಿಯೊ ಹಾಕಿತ್ತು. ಡ್ಯಾರಿನ್ ಅಲ್ಲೇ ತಿಂಡಿ ತಿನ್ನುತ್ತಿದ್ದ. ಬುಧವಾರ ನ್ಯಾಯಾಲಯದ ಹಿಂದಿನ ಬಾಗಿಲಲ್ಲಿ ನಾನು ಒಳಗೆ ಹೋಗುವುದನ್ನು ಅರ್ಧ ಊರು ನೋಡಿದೆ. ಆ ಅರ್ಧ ಊರು ಈಗ ರೇಡಿಯೊದಲ್ಲಿ ಕೇಳಿಸಿಕೊಂಡದ್ದೇನು? ಡ್ಯಾರಿನ್‌ನ ಅಮ್ಮನ ಮುಖ ನೋಡಲಾರದೆ ನಾನು ಹಿಂದಿನ ಬೆಂಚಿಗೆ ಹೋಗಿದ್ದೇನೆ, ಅಂದರೆ ಕೈ ಎತ್ತಿಯಾಗಿದೆ ಎಂದು. ಹತ್ತು ಗಂಟೆಗೆ ಗೊಬ್ಬರದ ಅಂಗಡಿಯಲ್ಲಿ ಅದೇ ಮಾತು. ಹನ್ನೊಂದಕ್ಕೆ ಡ್ಯಾರಿನ್ ತನ್ನ ಬಿಲ್ಲೆಯನ್ನು ಷೆರಿಫನ ಮೇಜಿನ ಮೇಲಿಟ್ಟು, ಬಂದೂಕು ತೆಗೆದುಕೊಂಡು, ಟ್ರಕ್ಕಿನಲ್ಲಿ ಹೊರಟುಹೋದ.

ಎರಡು ದಿನ ಹುಡುಕಿದರು. ನಿನ್ನೆ ಸಂಜೆ ಜಿಂಕೆ ಬೇಟೆಯ ಗುಡಿಸಿಲಲ್ಲಿ ಸಿಕ್ಕಿದ. ಬದುಕಿದ್ದಾನೆ. ಬಂದೂಕು ಮಡಿಲಲ್ಲಿತ್ತಂತೆ. "ಮೂರ್ ಸಲ ಎತ್ತಿದೆ, ಅಮ್ಮಂಗೆ ಕಾಣ್ಸಲ್ಲ, ಯಾರು ನೋಡ್ಕೋತಾರೆ ಅಂತ ಇಳಿಸ್ದೆ" ಅಂದನಂತೆ.

ಒಳಗಿನ ಮಾತು ಹೊರಗೆ ಹೋಗಿದೆ ಎಂದು ವೈಮರ್ ದೂರು ಕೊಟ್ಟಿದ್ದಾಳೆ. ಏಪ್ರಿಲ್ 6ಕ್ಕೆ ನಾನು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಪ್ರಮಾಣ ಮುರಿದದ್ದು ನಿಜವಾದರೆ ಜೈಲು. ಅರವತ್ತೇಳನೆಯ ವಯಸ್ಸಿಗೆ ಅದೊಂದು ನೋಡದೆ ಉಳಿದಿತ್ತು.

ಒಂದೇ ಪ್ರಶ್ನೆ. ಓದುವಾಗ ನಿನಗೆ ಗೊತ್ತಿತ್ತೇ?

ಅರ್ಲೀನ್


ಕೊಲಂಬಸ್
ಶನಿವಾರ, 26 ಮಾರ್ಚ್

ಅಕ್ಕಾ,

ನಿನ್ನ ಕಾಗದ ಬಂದ ಕೂಡಲೇ ಬರೆಯುತ್ತಿದ್ದೇನೆ.

ಮೊದಲನೆಯದು, ಏಪ್ರಿಲ್ 6ರವರೆಗೆ ಯಾರ ಹತ್ತಿರವೂ ಒಂದು ಮಾತೂ ಆಡಬೇಡ. ನಮ್ಮ ಸಂಸ್ಥೆಯ ವಕೀಲರು ನೋಡಿಕೊಳ್ಳುತ್ತಾರೆ. ಕಾಗದಗಳನ್ನು ಕೊಡು ಎಂದು ನನಗೂ ನೋಟಿಸು ಬಂದಿದೆ. ನಾನು ಕೊಡುವುದಿಲ್ಲ. ಸುದ್ದಿಯ ಮೂಲವನ್ನು ಬಿಟ್ಟುಕೊಡದಿರುವುದು ಪತ್ರಕರ್ತನ ಹಕ್ಕು.

ಎರಡನೆಯದು, ಇದು ಕಾನೂನಲ್ಲ, ರಾಜಕೀಯ. ಪೊಲೀಸನೊಬ್ಬನನ್ನು ಬಲಿಕೊಟ್ಟು ಕುರ್ಚಿ ಹತ್ತಲು ಹೊರಟವಳು ಸಿಕ್ಕಿಬಿದ್ದಳು, ಅದಕ್ಕೆ ಒಬ್ಬ ಮುದುಕಿಯ ಮೇಲೆ ತಿರುಗಿದ್ದಾಳೆ. ಗುರುವಾರದಿಂದ ರೇಡಿಯೊದಲ್ಲಿ ಇದನ್ನೇ ಹೇಳುತ್ತಿದ್ದೇನೆ. ನಿನಗೆ ಬೆಂಬಲದ ಪತ್ರಗಳು ಮೂಟೆಗಟ್ಟಲೆ ಬರುತ್ತಿವೆ. 'ಮುಚ್ಚಿದ ಬಾಗಿಲನ್ನು ತೆರೆದ ಧೈರ್ಯವಂತೆ' ಅಂತ ಜನ ಬರೆಯುತ್ತಿದ್ದಾರೆ.

ನಿನ್ನ ಪ್ರಶ್ನೆಗೆ: ಬೆಂಚಿನ ಮಾತು ಹೃದಯಕ್ಕೆ ತಟ್ಟಿತು, ಓದಿದೆ. ಅಷ್ಟೇ.

ವೆಂಡೆಲ್


ಮಾರ್ಲ್ ಕ್ರೀಕ್
ಮಂಗಳವಾರ, 29 ಮಾರ್ಚ್

ವೆಂಡೆಲ್,

ಗೊತ್ತಿತ್ತೇ ಎಂದು ಕೇಳಿದ್ದೆ. ತಟ್ಟಿತು ಎಂದು ಬರೆದಿದ್ದೀಯ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಎರಡು ವರ್ಷ ನಮ್ಮ ಊರಿನ ಪತ್ರಿಕೆಗೆ ನ್ಯಾಯಾಲಯದ ಸುದ್ದಿ ಬರೆದವನು ನೀನು. ಬುಧವಾರ ಆ ಕಟ್ಟಡದಲ್ಲಿ ಏನು ನಡೆಯುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಲಿಗೆ ಸಂಘವಂತೆ.

ಬೆಂಬಲದ ಒಂದು ಮೂಟೆ ಇಲ್ಲಿಗೂ ಬಂತು. ಡಾಟಿ ಹೊತ್ತು ತಂದಳು. ಒಂದು ತೆರೆದು ಓದಿ ಉಳಿದದ್ದನ್ನು ಕಟ್ಟಿಟ್ಟೆ. ಅವರು ಮೆಚ್ಚಿರುವುದು ಯಾರನ್ನು? ಪ್ರಮಾಣ ಮುರಿದವಳನ್ನು. ನಾನು ಮುರಿದಿಲ್ಲ. ಮಾಡದ ಕಳ್ಳತನಕ್ಕೆ ಹಾರ ಹಾಕಿಸಿಕೊಂಡರೂ ಕಳ್ಳತನದ ಹೆಸರು ಹೋಗುವುದಿಲ್ಲ.

ಮೂರು ವರ್ಷದ ಹಿಂದೆ ಯಾವುದೋ ಕೋರ್ಟಿನ ಗುಮಾಸ್ತ ತೀರ್ಪಿನ ಕರಡನ್ನು ಹೊರಗೆ ಬಿಟ್ಟಾಗ ನೀನು ಹೇಳಿದ್ದು ನನಗೆ ನೆನಪಿದೆ. "ಮುಚ್ಚಿದ ಬಾಗಿಲ ಮಾತು ಹೊರಗೆ ತಂದವನನ್ನು ಒಳಗೆ ಹಾಕಿ. ನಮ್ಮ ಕಡೆಯವನಾದ್ರೂ ಹಾಕಿ. ನಮ್ಮ ಕಡೆಯವನಾದ್ರೆ ಮೊದ್ಲು ಹಾಕಿ." ಅವತ್ತು ಕಾರು ನಿಲ್ಲಿಸಿ ಕೇಳಿದೆ. ನನ್ನ ತಮ್ಮ ಸರಿಯಾದ ಮಾತು ಹೇಳಿದ ಅಂದುಕೊಂಡೆ. ಇವತ್ತಿಗೂ ಅದು ಸರಿಯಾದ ಮಾತೇ. ಮೂಲ ಬಿಟ್ಟುಕೊಡೆವು ಎಂದು ಪತ್ರಿಕೆಯವರು ಹಠ ಹಿಡಿದಾಗಲೆಲ್ಲ ಅವರನ್ನು ಹೇಡಿಗಳು ಅಂದವನೂ ನೀನೇ.

ನಾನು ಹೇಳಿಲ್ಲ ಎಂದು ನಾನೇ ಹೇಳಿದರೆ ಯಾರು ನಂಬುತ್ತಾರೆ? ಅದನ್ನು ತೋರಿಸಬಲ್ಲವು ಎರಡೇ. ನನ್ನ ಕಾಗದಗಳು, ಮತ್ತೆ ನಿನ್ನ ತಲೆಯೊಳಗೆ ಏನಿತ್ತು ಅನ್ನುವುದು. ಮೊದಲನೆಯದನ್ನು ತಾ. ಪೂರ್ತಿಯಾಗಿ ತಾ. ಆರಿಸಿಕೊಂಡು ತರಬೇಡ, ತಾರೀಖಿನ ಪ್ರಕಾರ ಎಲ್ಲವನ್ನೂ ತಾ. ಎರಡನೆಯದು ನಿನಗೆ ಬಿಟ್ಟದ್ದು.

ಇನ್ನು 6ರವರೆಗೆ ಬರೆಯುವುದಿಲ್ಲ.

ಅರ್ಲೀನ್


ಕೊಲಂಬಸ್
ಗುರುವಾರ, 7 ಏಪ್ರಿಲ್

ಅಕ್ಕಾ,

ನಿನ್ನೆ ನ್ಯಾಯಾಲಯದ ಮೆಟ್ಟಿಲಲ್ಲಿ ನೀನು ನನ್ನ ಪಕ್ಕದಿಂದಲೇ ಇಳಿದುಹೋದೆ. ನನ್ನ ಕೋಟಿನ ತೋಳಿಗೆ ನಿನ್ನ ಚೀಲ ತಗುಲಿತು. ನೀನು ನಿಲ್ಲಲಿಲ್ಲ. ನಾನೂ ಕರೆಯಲಿಲ್ಲ. ಎರಡು ಗಂಟೆಯ ದಾರಿ ವಾಪಸು ಬರುವಾಗ ರೇಡಿಯೊ ಹಾಕಲಿಲ್ಲ.

ನಿನ್ನನ್ನು ಹೊರಗೆ ಕೂರಿಸಿದ್ದರಲ್ಲ, ಒಳಗೆ ನಡೆದದ್ದನ್ನು ನನ್ನಿಂದಲೇ ಕೇಳು. ಸಂಸ್ಥೆಯ ವಕೀಲರು ಕೊನೆಯವರೆಗೂ ಬೇಡ ಅಂದರು. ನಾನು ಎಲ್ಲ ಕಾಗದವನ್ನೂ ಮೇಜಿನ ಮೇಲಿಟ್ಟೆ. ಪೆಟಿಗ್ರೂ ಕನ್ನಡಕ ತೆಗೆದು ಕೇಳಿದರು, "ನಿಮ್ಮಕ್ಕ ಗ್ರ್ಯಾಂಡ್ ಜ್ಯೂರೀಲಿ ಇದ್ದಾರೆ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಬುಧವಾರ ಅಂದ್ರು. ನಾನೇ ಊಹಿಸ್ದೆ."

"ಊಹಿಸಿದ ಮೇಲೂ ಓದಿದ್ರಿ."

"ಊಹಿಸಿದ್ದಕ್ಕೇ ಓದಿದೆ."

ಇದೇ ನಿನ್ನ ಪ್ರಶ್ನೆಗೆ ಉತ್ತರ. ನನಗೆ ಗೊತ್ತಿತ್ತು. ನೀನು ಕೈ ಎತ್ತಿಬಿಟ್ಟಿದ್ದೀಯ, ಅದರ ನಾಚಿಕೆಗೆ ಬೆಂಚು ಬಿಟ್ಟಿದ್ದೀಯ ಎಂದೇ ನಾನೂ ಓದಿಕೊಂಡೆ. ಡ್ಯಾರಿನ್‌ಗೆ ಮುಂಚೆಯೇ ತಿಳಿಯಲಿ, ಒಳ್ಳೆಯ ವಕೀಲನನ್ನು ಹಿಡಿಯಲಿ, ಊರು ವೈಮರ್ ಮೇಲೆ ಸಿಟ್ಟಾಗಲಿ ಎಂದುಕೊಂಡೆ. ಹೆಸರು ಹೇಳದಿದ್ದರೆ ತಪ್ಪಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಆಮೇಲೆ ಪೆಟಿಗ್ರೂ ಗುಮಾಸ್ತೆಯ ಕೈಯಲ್ಲಿ ಕಾಗದಗಳನ್ನು ಓದಿಸಿದರು. ಮಾರ್ಚ್ 13ರದ್ದು ಬಂತು. 'ಓಪಲ್‌ಳ ಮೊಟ್ಟೆ ನಿಲ್ಲಿಸಿದ್ದೇನೆ' ಅನ್ನುವಲ್ಲಿಗೆ ಕೈ ಎತ್ತಿ ನಿಲ್ಲಿಸಿದರು.

"ಓಪಲ್ ಅಂದ್ರೆ ಸತ್ತ ಹುಡುಗನ ಅಜ್ಜಿ, ಅಲ್ವಾ? ಇದನ್ನ ಯಾಕೆ ಓದ್ಲಿಲ್ಲ ನೀವು?"

ಮೊಟ್ಟೆಯ ಮಾತು ರುಚಿಸಲಿಲ್ಲ ಅಂದೆ. ಪೆಟಿಗ್ರೂ ಕನ್ನಡಕ ಮತ್ತೆ ಹಾಕಿಕೊಂಡರು.

"ಮೊದಲ ದಿನ ಒಂಬತ್ತು ಜನಕ್ಕೂ ನಾನೇ ಹೇಳಿದ್ದೆ. ಎರಡು ಕಡೆಯವರ ಜೊತೇನೂ ಉಣ್ಬೇಡಿ, ಕೂರ್ಬೇಡಿ ಅಂತ. ಆಯಮ್ಮ ಎರಡೂ ಬಿಟ್ಟಿದ್ದಾರೆ. ನೀವು ಒಂದನ್ನ ಮಾತ್ರ ಊರಿಗೆ ಓದಿ ಹೇಳಿದ್ರಿ."

ವೈಮರ್ ಎದ್ದು ನಿಂತಳು. ಗೆಲುವಿನ ಮುಖವಲ್ಲ, ದಣಿದ ಮುಖ. "ಆ ದಿನಕ್ಕೆ ಸಾಕ್ಷ್ಯವೇ ಮುಗಿದಿರಲಿಲ್ಲ ಸ್ವಾಮಿ. ಕೈ ಎತ್ತೋ ಪ್ರಶ್ನೆಯೇ ಬಂದಿರಲಿಲ್ಲ." ಬಲಿ, ಕುರ್ಚಿ ಎಂದು ನಾನು ಕೂಗಿದ್ದೆನಲ್ಲ, ಅದೇ ಹೆಂಗಸು.

ನಿನ್ನ ಮೇಲೆ ಯಾವ ತಪ್ಪೂ ಇಲ್ಲ ಎಂದು ಆಮೇಲೆ ಒಳಗೆ ಕರೆದು ಹೇಳಿದರು. ನನ್ನ ಮೇಲೂ ಕ್ರಮವಿಲ್ಲ. ಊಹಿಸುವುದು ಅಪರಾಧವಲ್ಲವಂತೆ. "ಮನೆಗೆ ಹೋಗಿ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆದರೆ ಅಕ್ಕಾ, ಬರೆಯಬೇಕಾದದ್ದು ಇನ್ನೂ ಇದೆ. ಫೆಬ್ರವರಿ 6ರ ಕಾಗದವನ್ನೂ ಓದಿಸಿದರು. ನಾಯಿಯ ಹತ್ತಿರ ಎಲ್ಲರೂ ನಕ್ಕರು. ನನ್ನ ದನಿ ಕಾರ್ಖಾನೆಯ ತಿರುವಿನಲ್ಲಿ ನಿಂತುಹೋದಾಗಲೂ ನಕ್ಕರು. 'ಆ ಕಣಿವೇಲಿ ದೇವ್ರು ಕೂಗಿದ್ರೂ ಕೇಳ್ಸಲ್ಲ' ಅಂದಾಗ ನಾನು ನಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಡ್ಯಾರಿನ್ ತಲೆ ಎತ್ತಿ ನೋಡಿದ. ಕೇಳಿಸಿತೋ ಇಲ್ಲವೋ ಮುಖ್ಯವೇ ಅಲ್ಲ ಎಂದು ನಿನಗೆ ಪಾಠ ಬರೆದವನು ನಾನು. ಎಲ್ಲವೂ ನಿಂತದ್ದೇ ಅದರ ಮೇಲೆ, ಆ ಕಣಿವೆಯಲ್ಲಿ ಅವನ ವೈರ್‌ಲೆಸ್ ಕೇಳಿಸಿತೋ ಇಲ್ಲವೋ ಅನ್ನುವುದರ ಮೇಲೆ. ಮ್ಯಾನೇಜರಿಗೆ ಎದೆನೋವು ಬಂದೀತು ಎಂದು ನಾನು ಬಿಟ್ಟ ಸಾಲು ಅದು.

ನೀವು ಒಂಬತ್ತು ಜನ ಆ ಊರಿನವರೇ. ಆ ತಿರುವಿನಲ್ಲಿ ಮೂವತ್ತು ವರ್ಷ ನೀನು ಬಸ್ಸು ಓಡಿಸಿದ್ದೀಯ. ಇನ್ನೆರಡು ಬುಧವಾರ ನಿಮ್ಮನ್ನು ಬಿಟ್ಟಿದ್ದರೆ ಏಳು ಕೈ ಏಳುತ್ತಿರಲಿಲ್ಲ, ಅಲ್ಲವೇ? ನಾನು ಬಾಯಿ ಮುಚ್ಚಿಕೊಂಡಿದ್ದರೆ ಡ್ಯಾರಿನ್ ಆರೋಪದಿಂದ ಪಾರಾಗುತ್ತಿದ್ದನೇ? ಒಂದೇ ಒಂದು ಸಲ ಹೇಳು. ರೇಡಿಯೊದಲ್ಲಿ ಓದುವುದಿಲ್ಲ. ಯಾರಿಗೂ ಹೇಳುವುದಿಲ್ಲ. ನನಗೆ ನಿದ್ದೆಯಿಲ್ಲ.

ಬರುವ ಸೋಮವಾರ, ನಡೆದದ್ದನ್ನೆಲ್ಲ ನನ್ನ ಬಾಯಿಂದಲೇ ಹೇಳಿ, 'ಅಕ್ಕನ ಓಲೆ' ನಿಲ್ಲಿಸುತ್ತಿದ್ದೇನೆ.

ನಿನ್ನ ತಮ್ಮ


ಮಾರ್ಲ್ ಕ್ರೀಕ್
ಭಾನುವಾರ, 22 ಮೇ

ವೆಂಡೆಲ್,

ನಿನ್ನ ಕಾಗದ ಬಂದ ಮೇಲೆ ಆರು ಭಾನುವಾರ ಬಿಟ್ಟಿದ್ದೇನೆ. ಅಮ್ಮ ಇದ್ದಿದ್ದರೆ ಒಲೆಯ ಕೊಳ್ಳಿ ತೋರಿಸುತ್ತಿದ್ದಳು.

ನಿನ್ನ ಸೋಮವಾರದ ಮಾತು ಕೇಳಿದೆ. ಎಲ್ಲೂ ತಡವರಿಸಲಿಲ್ಲ, ನಿನ್ನನ್ನು ಉಳಿಸಿಕೊಳ್ಳಲೂ ಇಲ್ಲ. ಅಷ್ಟು ಸಾಕು. ಲೈಲ್ ಬೇಲಿಯಾಚೆಯಿಂದ "ನಿಮ್ ತಮ್ಮ ಇವತ್ತು ಮನುಷ್ಯನ ಹಾಗೆ ಮಾತಾಡ್ದ" ಅಂದ. ಆಮೇಲೆ "ನಾಯಿ ಕಥೆ ಇನ್ ಬರಲ್ವಾ?" ಅಂತಲೂ ಕೇಳಿದ.

ವೈಮರ್ ಬದಲು ಹೊರಗಿನಿಂದ ಬಂದ ವಕೀಲರು, ಹೊಸ ಒಂಬತ್ತು ಜನ. ಮೊನ್ನೆ ಬುಧವಾರ ಡ್ಯಾರಿನ್ ಮೇಲೆ ಆರೋಪ ಹೊರಿಸಿದರು. ಒಳಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ತಿಳಿಯಲೂ ಬಾರದು. ಹೊರಗೆ ಜನ ಅನ್ನುವುದು ಒಂದೇ: ತಪ್ಪಿಲ್ಲದವನು ಬಂದೂಕು ತೆಗೆದುಕೊಂಡು ಯಾಕೆ ಓಡಿದ? ಅಕ್ಟೋಬರಿನಲ್ಲಿ ಮೊಕದ್ದಮೆ. ಕಣಿವೆಯಲ್ಲಿ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಅನ್ನುವುದನ್ನು ಅವನ ವಕೀಲ ಅಲ್ಲಿ ತೋರಿಸಲಿ. ಮೊಕದ್ದಮೆಯ ಜ್ಯೂರಿಯ ಹನ್ನೆರಡು ಜನ ಬಾಗಿಲು ತೆರೆದಿಟ್ಟುಕೊಂಡು ಕೇಳಲಿ. ಅಲ್ಲಿಯವರೆಗೆ ಆ ಹುಡುಗ ದನದ ಹಟ್ಟಿ ತೊಳೆಯುವ ಕೆಲಸ ಮಾಡುತ್ತಿದ್ದಾನೆ. ಓಪಲ್ ನನ್ನ ಕಂಡರೆ ಇನ್ನೂ ಮಾತಾಡುವುದಿಲ್ಲ. ಅವಳ ಮೊಮ್ಮಗನನ್ನು ಯಾರೂ ವಾಪಸು ತರಲಾರರು, ಅದನ್ನು ನಿನ್ನ ರೇಡಿಯೊದಲ್ಲಿ ಒಂದು ಸಲವೂ ನಾನು ಕೇಳಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಇವತ್ತೂ ಇಲ್ಲ, ನಾನು ಸಾಯುವಾಗ ನೀನು ಪಕ್ಕದಲ್ಲಿ ಕೂತು ಕೇಳಿದರೂ ಇಲ್ಲ. ನಿನಗೆ ಶಿಕ್ಷೆ ಕೊಡುವುದಕ್ಕಲ್ಲ. ಬೈಬಲ್ ಮೇಲೆ ಇಟ್ಟದ್ದು ನನ್ನ ಕೈ.

ಇವತ್ತು ಚರ್ಚಿನಲ್ಲಿ ಮೂರನೆಯ ಬೆಂಚಿಗೆ ಹೋಗಬಹುದಿತ್ತು. ಈಗ ತಡೆಯುವವರಿಲ್ಲ. ಕಾಲು ಹೋಗಲಿಲ್ಲ, ಕಡೆಯ ಬೆಂಚಿನಲ್ಲೇ ಕೂತೆ. ಪ್ರಾರ್ಥನೆ ಶುರುವಾಗುವ ಮುಂಚೆ ನಾರ್ಮಾ ಎದ್ದಳು. ಬೆಂಚುಗಳ ತುದಿಯನ್ನು ಒಂದೊಂದಾಗಿ ಮುಟ್ಟಿಕೊಳ್ಳುತ್ತ, ಬಾಯಲ್ಲಿ ಎಣಿಸುತ್ತ ಹಿಂದೆ ಬಂದಳು. ಇಡೀ ಚರ್ಚು ತಿರುಗಿ ನೋಡುತ್ತಿತ್ತು. ನನ್ನ ಪಕ್ಕ ಬಂದು ಕೂತಳು. ಅವಳ ಕೋಟಿಗೆ ಹಟ್ಟಿಯ ವಾಸನೆ, ಮಗನನ್ನು ಅಪ್ಪಿಕೊಂಡು ಬಂದಿರಬೇಕು.

"ಅರ್ಲೀನ್."

"ಹೂಂ."

"ಒಂದ್ ಮಾತು ಹೇಳೇ. ಕೈ ಎತ್ತೋ ದಿನ ಬಂದಿದ್ರೆ, ನನ್ ಮಗನ ಮೇಲೆ ನೀನು ಎತ್ತುತಿದ್ಯಾ?"

ನನ್ನ ಕಡೆಗೇ ತಿರುಗಿದ್ದಳು. ಆ ಕಣ್ಣಿಗೆ ನನ್ನ ಮುಖ ಕಾಣುವುದಿಲ್ಲ. ತಲೆ ಆಡಿಸಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ ವೆಂಡೆಲ್. ಬಾಯಿಬಿಟ್ಟೇ ಹೇಳಬೇಕಿತ್ತು, ಇಲ್ಲವೇ ಸುಮ್ಮನಿರಬೇಕಿತ್ತು. ಐವತ್ತು ವರ್ಷದ ಗೆಳೆತನದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಅವಳು ಕಾದಳು. ಆರ್ಗನ್ ಶುರುವಾಯಿತು, ಜನ ಏಳತೊಡಗಿದರು. ನಾನು ಪುಸ್ತಕ ತೆರೆದು ಅವಳ ಕಿವಿಯ ಹತ್ತಿರ ಬಗ್ಗಿದೆ.

"ಇನ್ನೂರ ನಲವತ್ತೊಂದು" ಅಂದೆ.

ಅಷ್ಟನ್ನು ಹೇಳಬಹುದಿತ್ತು.

ಆಮೇಲೆ ಮುಂದಿನ ಬೆಂಚಿನ ಬೆನ್ನು ಹಿಡಿದು ಎದ್ದು ನಿಂತಳು. ಹಾಡಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

ಅಕ್ಕ